ಬಿಳಿ ಹೊಗೆಯ ಬಗ್ಗೆ ಒರೊಜ್‌ಬಾಯ್ ಹೇಳಿದ ಸುಳ್ಳು

ಚಳಿಗಾಲದಲ್ಲಿ ಬೆಟ್ಟದ ಮೇಲಿನ ನಮ್ಮ ಸಾರಿತಾಶಿನ ಕೋಳಿಗಳಿಗಿಂತ ಮೊದಲು ಲಾರಿಗಳು ಕೂಗುತ್ತವೆ. ಕೂಗುತ್ತವೆ ಎನ್ನುವುದು ಮರ್ಯಾದೆಯ ಮಾತು. ನಿಜದಲ್ಲಿ ಅವು ಕೆಮ್ಮುತ್ತವೆ, ಉಗುಳುತ್ತವೆ, ಹೊತ್ತಿಕೊಂಡ ಹಾಗೆ ಮಾಡಿ ಮತ್ತೆ ಸತ್ತುಹೋಗುತ್ತವೆ. ಬುರ್ಮಾಕನ್‌ಳ ಚಹಾದಂಗಡಿಯ ಮುಂದೆ ರಾತ್ರಿ ತಂಗಿದ ಲಾರಿಗಳೆಲ್ಲ ಬೆಳಗಿನ ಜಾವ ಇದೇ ಗೋಳು ಹಾಕುವಾಗ ಊರಿನವರು ರಜಾಯಿ ಎಳೆದುಕೊಂಡು ಡ್ರೈವರುಗಳಿಗೆ ಶಾಪ ಹಾಕುತ್ತಾರೆ. ಮೆಕ್ಯಾನಿಕ್ ಒರೊಜ್‌ಬಾಯ್ ಮಾತ್ರ ರಜಾಯಿಯಿಂದ ಒಂದು ಕಿವಿ ಹೊರಗಿಟ್ಟು ಕೇಳುತ್ತಾನೆ. ಇದು ಬ್ಯಾಟರಿ ಸೋತ ಸದ್ದು, ಇವನು ಇನ್ನೊಬ್ಬನ ಹತ್ತಿರ ತಂತಿ ಕೇಳಿ ಹೊರಡುತ್ತಾನೆ. ಇದು ಡೀಸೆಲ್ ಪೈಪಿನಲ್ಲಿ ಏರ್ ಹಿಡಿದ ಸದ್ದು, ಇವನು ಚಹಾ ಕುಡಿದು ತನ್ನ ಹತ್ತಿರ ಬರುತ್ತಾನೆ. ಬರುತ್ತಾನೆ ಎಂದು ಗೊತ್ತಾದ ಮೇಲೆ ಎದ್ದು ದೊಡ್ಡ ಕೆಟಲಿನಲ್ಲಿ ನೀರು ಕಾಯಲಿಕ್ಕಿಡುತ್ತಾನೆ. ಆ ನೀರು ಚಹಾಕ್ಕಲ್ಲ, ಡೀಸೆಲ್ ಫಿಲ್ಟರಿನ ಮೇಲೆ ಹುಯ್ಯಲಿಕ್ಕೆ.

ಹೊಗೆಯ ವಿಷಯದಲ್ಲಿ ಅವನದು ಗಟ್ಟಿ ಮಾತು. ಕಪ್ಪು ಹೊಗೆ ಬಂದರೆ ಎಂಜಿನ್ ತಿಂದದ್ದು ಹೆಚ್ಚು, ಉಸಿರಾಡಿದ್ದು ಕಡಿಮೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ಎಂಜಿನ್ನಿಗೆ ವಯಸ್ಸಾಯಿತು, ಒಪ್ಪಿಕೊಳ್ಳಿ. ಬಿಳಿ ಹೊಗೆಯಲ್ಲಿ ಮಾತ್ರ ಎರಡು ಜಾತಿ. ಮೊದಲನೆಯದು ಕಣ್ಣು ಉರಿಸುತ್ತದೆ, ಹಸಿ ಡೀಸೆಲಿನ ನಾತ ಹೊಡೆಯುತ್ತದೆ, ಎಂಜಿನ್ ಬೆಚ್ಚಗಾದ ಮೇಲೆ ತಾನಾಗಿ ನಿಲ್ಲುತ್ತದೆ. ಇನ್ನೊಂದು ನೀರಿನ ಹಬೆ. ಸಿಲಿಂಡರಿನ ಮುಚ್ಚಳವಾದ ಹೆಡ್ ಬಿರುಕು ಬಿಟ್ಟು ರೇಡಿಯೇಟರಿನ ನೀರು ಒಳಗೆ ಇಳಿಯುತ್ತಿದ್ದರೆ ಅದು ಎಷ್ಟು ಹೊತ್ತಾದರೂ ನಿಲ್ಲುವುದಿಲ್ಲ. ಮೊದಲನೆಯದಕ್ಕೆ ಬಿಸಿನೀರು ಸಾಕು. ಎರಡನೆಯದನ್ನು ಇಟ್ಟುಕೊಂಡು ಘಾಟಿ ಹತ್ತಿದವನು ಹಿಮದಲ್ಲಿ ಕೂತು ದೇವರ ಹೆಸರು ಹೇಳಬೇಕಾಗುತ್ತದೆ.

ಇಷ್ಟು ಗೊತ್ತಿದ್ದವನು ಹಣ ಮಾಡಬೇಕಿತ್ತು. ಮಾಡಲಿಲ್ಲ, ಏಕೆಂದರೆ ಒರೊಜ್‌ಬಾಯ್‌ಗೆ ಇಲ್ಲದ ರೋಗವನ್ನು ಇದೆ ಎನ್ನಲು ಬರುವುದಿಲ್ಲ. ಒಮ್ಮೆ ಕೆಳಗಿನ ಓಶ್ ಪಟ್ಟಣದಿಂದ ಹೊಸ ಜೀಪಿನಲ್ಲಿ ಬಂದ ದೊಡ್ಡ ಮನುಷ್ಯನೊಬ್ಬ ಕಪ್ಪು ಹೊಗೆ ಎಂದು ಗಾಬರಿಯಾಗಿ ಬಾನೆಟ್ ಎತ್ತಿ ನಿಂತ. ಒರೊಜ್‌ಬಾಯ್ ಇಣುಕಿಯೂ ನೋಡದೆ, "ನಿಮಗೆ ಈ ಎತ್ತರದಲ್ಲಿ ಏದುಸಿರು ಬರ್ತಿಲ್ವಾ? ಅದಕ್ಕೂ ಹಾಗೇ. ಕೆಳಗೆ ಇಳಿದ್ರೆ ಇಬ್ಬರೂ ಸರಿಹೋಗ್ತೀರಿ," ಎಂದುಬಿಟ್ಟ. ಆ ಮನುಷ್ಯ ತನಗೆ ಅವಮಾನವಾಯಿತೆಂದು ಮುಖ ಊದಿಸಿಕೊಂಡು ಹೋದ. ಬುರ್ಮಾಕನ್ ಇದನ್ನು ಕೇಳಿ ಹಣೆ ಚಚ್ಚಿಕೊಂಡಳು.

"ಏನಾದ್ರೂ ಒಂದು ನಟ್ಟು ಬಿಚ್ಚಿ ತಿರುಗಾ ಹಾಕೋಕೆ ನಿನಗೇನು ಧಾಡಿ? ಅವರಿಗೂ ಸಮಾಧಾನ, ನಿನಗೂ ಒಂದು ಮೂಟೆ ಹಿಟ್ಟು!"

"ನಟ್ಟು ಸರಿಯಾಗೇ ಇತ್ತು."

"ನಿನ್ನ ತಲೇಲಿರೋದೇ ಸರಿಯಾಗಿಲ್ಲ," ಎಂದಳು ಬುರ್ಮಾಕನ್.

ಒರೊಜ್‌ಬಾಯ್‌ನ ಹೆಂಡತಿ ಬಿಟ್ಟುಹೋಗಿ ಬಹಳ ಕಾಲವಾಗಿತ್ತು. ಹೋಗುವಾಗ ಅವಳೇನೂ ಜಗಳವಾಡಲಿಲ್ಲ. ನಿನ್ನ ಪಕ್ಕ ಮಲಗುವುದೂ ಒಂದೇ, ಲಾರಿಯ ಪಕ್ಕ ಮಲಗುವುದೂ ಒಂದೇ, ಲಾರಿಯಾದರೆ ಬೆಳಗಾದರೆ ಏನಾದರೂ ಸದ್ದು ಮಾಡುತ್ತದೆ ಎಂದಷ್ಟೇ ಹೇಳಿ ತನ್ನ ಬಟ್ಟೆಯ ಗಂಟಿನೊಂದಿಗೆ ಕೆಳಗಿನ ಊರಿಗೆ ಇಳಿದಳು. ಮಕ್ಕಳಿರಲಿಲ್ಲ. ಆಮೇಲೆ ಅವನು ಒಬ್ಬನೇ ರೊಟ್ಟಿ ಮುರಿದ, ಒಬ್ಬನೇ ಒಲೆಗೆ ಬೆರಣಿ ಹಾಕಿದ. ಬರುವ ಡ್ರೈವರುಗಳಿಗೇನೂ ಕಡಿಮೆಯಿರಲಿಲ್ಲ, ಆದರೆ ಎಂಜಿನ್ ಸರಿಹೋದ ಗಳಿಗೆಯಿಂದ ಅವನು ಯಾರಿಗೂ ಬೇಡ. ಇನ್ನೂ ಕೈ ಒರೆಸಿಕೊಳ್ಳುತ್ತಿರುವಾಗಲೇ ಅವರು ಗೇರ್ ಹಾಕಿರುತ್ತಾರೆ. ಹಾಗಾಗಿ ಕೊನೆಯ ನಟ್ಟು ಬಿಗಿಯುವಾಗ ಒರೊಜ್‌ಬಾಯ್ ನಿಧಾನ ಮಾಡುತ್ತಿದ್ದ. ಸ್ಪ್ಯಾನರ್ ಸಿಗಲಿಲ್ಲ ಎನ್ನುವನು, ಜೇಬಿನಲ್ಲೇ ಇರುತ್ತಿತ್ತು. ಕಸುಬಿನಲ್ಲಿ ಅವನು ಮಾಡುತ್ತಿದ್ದ ಮೋಸ ಅದೊಂದೇ. ಅದನ್ನು ಮೋಸ ಎನ್ನುವವನಿಗೆ ಒಂದು ಚಳಿಗಾಲ ಸಾರಿತಾಶಿನಲ್ಲಿ ಒಬ್ಬನೇ ಕಳೆಯುವ ಶಿಕ್ಷೆ ಕೊಡಬೇಕು ಎಂದು ನನ್ನ ಅಭಿಪ್ರಾಯ.

ನಾನು ಹೇಳುವ ಆ ದಿನ ಫೆಬ್ರವರಿಯದು. ಅಂದು ಬೆಳಿಗ್ಗೆ ಅವನು ಮಲಗಿದಲ್ಲಿಂದಲೇ ಕೇಳಿಸಿಕೊಂಡದ್ದು ಶೇರ್ಮತನ ಕಮಾಜ್ ಲಾರಿಯ ಸದ್ದು. ಗುಲ್ಚಾದ ಹತ್ತಿರದ ಹಳ್ಳಿಯ ಶೇರ್ಮತ್ ಹಿಟ್ಟಿನ ಮೂಟೆ ಹೇರಿಕೊಂಡು ಬೆಟ್ಟದಾಚೆಯ ಮುರ್ಗಾಬಿಗೆ ಹೊರಟವನು, ಹಿಂದಿನ ಸಂಜೆ ಬಂದು ತಂಗಿದ್ದ. ಸೆಲ್ಫ್ ಹೊಡೆದ. ಎಂಜಿನ್ ಒಂದು ಕಡೆ ಕುಂಟುತ್ತ ಹಿಡಿಯಿತು, ಗಡಗಡ ನಡುಗಿತು, ನಿಂತಿತು. ಮತ್ತೆ ಹೊಡೆದ. ಮತ್ತೆ ಅದೇ. ಓಶ್‌ನಲ್ಲಿ ಅಗ್ಗಕ್ಕೆ ಬೇಸಿಗೆಯ ಡೀಸೆಲ್ ತುಂಬಿಸಿದ್ದಾನೆ, ಸೀಮೆಎಣ್ಣೆ ಬೆರೆಸಲು ಸೋಮಾರಿತನ, ರಾತ್ರಿ ಫಿಲ್ಟರಿನಲ್ಲಿ ಅದು ಮೇಣವಾಗಿದೆ ಎಂದು ಒರೊಜ್‌ಬಾಯ್ ಕಣ್ಣು ಮುಚ್ಚಿಕೊಂಡೇ ಹೇಳಿದ. ಖುಷಿಯೂ ಆಯಿತು. ಶೇರ್ಮತ್ ಬಾಯಿಬಡುಕ. ಅವನು ಬಂದರೆ ಕೆಲಸ ಮುಗಿದ ಮೇಲೂ ಒಂದು ಬಟ್ಟಲು ಚಹಾ ಕುಡಿಯುವಷ್ಟು ಹೊತ್ತು ಕೂರುತ್ತಾನೆ.

ಕೆಟಲ್ ಇಟ್ಟು ತಿರುಗುವಷ್ಟರಲ್ಲಿ ಫೋನ್ ಬಡಿಯಿತು. ಶೇರ್ಮತನ ಸೋದರಮಾವ ಕಾಲ್ಮುರ್ಜಾ.

"ಒರೊಜ್‌ಬಾಯ್, ನಮ್ಮ ಹುಡುಗ ನಿನ್ನ ಹತ್ರ ಇದಾನಾ?"

"ಚಹಾದಂಗಡೀಲಿ ಇದಾನೆ. ಯಾಕೆ?"

"ಅಸಿಲ್‌ಕಾನ್ ತೀರಿಕೊಂಡಳು," ಎಂದ. "ನಿನ್ನೆ ಸಂಜೆ ಹಸು ಕರೆಯೋಕೆ ಹೋದೋಳು ಕೊಟ್ಟಿಗೇಲೇ ಬಿದ್ದಳು. ಎತ್ತೋ ಹೊತ್ತಿಗೆ ಏನೂ ಇರಲಿಲ್ಲ. ಕಾಯಿಲೆ ಇಲ್ಲ, ಕಸಾಲೆ ಇಲ್ಲ."

ಅಸಿಲ್‌ಕಾನ್ ಶೇರ್ಮತನ ಹೆಂಡತಿ.

"ಅವನನ್ನ ತಿರುಗಿಸಿ ಕಳಿಸು. ಮಣ್ಣು ಮಾಡೋದು ಅವನು ಬಂದ ಮೇಲೇನೇ. ಹೇಳೋದು ಬೇಡ, ಆಯ್ತಾ? ಅದು ನಮ್ಮ ಕೆಲಸ."

ಇದನ್ನು ಹೇಳಬೇಕಾಗಿಯೂ ಇರಲಿಲ್ಲ. ದಾರಿಯಲ್ಲಿರುವವನಿಗೆ ದಾರಿಯಲ್ಲೇ ಸಾವಿನ ಸುದ್ದಿ ಹೇಳುವವನು ನಮ್ಮಲ್ಲಿ ಮನುಷ್ಯನ ಲೆಕ್ಕಕ್ಕಿಲ್ಲ. ಏನೋ ನೆಪ ಹೇಳಿ ಅವನನ್ನು ಊರಿಗೆ ಕರೆಸಬೇಕು. ಹೊಸ್ತಿಲ ಹತ್ತಿರ ಹಿರಿಯರು ಎರಡೂ ಕಡೆ ನಿಂತು, ತೋಳು ಹಿಡಿದು, ಆಮೇಲೆ ಹೇಳಬೇಕು. ಬೀಳುವವನು ಹಿಡಿಯುವ ಕೈಗಳ ನಡುವೆ ಬೀಳಲಿ ಎಂದು.

"ಏನಂತ ಹೇಳಿ ತಿರುಗಿಸಲಿ?" ಎಂದು ಕೇಳಿದ ಒರೊಜ್‌ಬಾಯ್.

"ಮೆಕ್ಯಾನಿಕ್ ಅಲ್ವೇನಯ್ಯಾ ನೀನು? ಲಾರಿ ಕೆಟ್ಟಿದೆ ಅನ್ನು. ಬೇರೆಯವರು ಹೇಳಿದ್ರೆ ಜಗಳಕ್ಕೆ ನಿಲ್ತಾನೆ. ನಿನ್ನ ಬಾಯಲ್ಲಿ ಸುಳ್ಳು ಬರಲ್ಲ ಅಂತ ಅವನಿಗೆ ಗೊತ್ತು."

ಫೋನ್ ಇಟ್ಟ ಮೇಲೆ ಒರೊಜ್‌ಬಾಯ್ ಕೆಟಲಿನ ಕೆಳಗೆ ಇನ್ನೊಂದು ಬೆರಣಿ ತುರುಕಿದ. ಜೀವಮಾನವಿಡೀ ಸುಳ್ಳಾಡದೆ ಕಾಪಾಡಿಕೊಂಡು ಬಂದ ಮಾತು ಈ ಒಂದು ಕೆಲಸಕ್ಕೆ ಬೇಕಾಗಿತ್ತೇನೋ ಅನ್ನಿಸಿ ಅವನಿಗೆ ಸಂಕಟವಾಯಿತು.

ಚಹಾದಂಗಡಿಗೆ ಹೋದಾಗಲೇ ಅವನಿಗೆ ತಿಳಿಯಿತು, ಸುದ್ದಿ ತನಗಿಂತ ಮೊದಲು ಅಲ್ಲಿಗೆ ಬಂದಿದೆ. ಗುಲ್ಚಾ ಕಡೆಯಿಂದ ಬಂದ ಇಬ್ಬರು ಡ್ರೈವರುಗಳು ಬಟ್ಟಲೊಳಗೆ ಮುಖವಿಟ್ಟು ಕೂತಿದ್ದರು. ಬುರ್ಮಾಕನ್‌ಳ ಕಣ್ಣು ಕೆಂಪಾಗಿತ್ತು. ಒಲೆಯ ಹೊಗೆ ಎಂದು ಅವಳು ಹೇಳಿಕೊಳ್ಳುತ್ತಿದ್ದಳು, ಆದರೆ ಒಲೆ ಹೊಗೆಯಾಡುತ್ತಿರಲಿಲ್ಲ. ನಡುವೆ ಶೇರ್ಮತ್ ಒಬ್ಬನೇ, ಬಾಯಲ್ಲಿ ರೊಟ್ಟಿ ತುಂಬಿಕೊಂಡು, ಕೇಳುವವರಿಲ್ಲದಿದ್ದರೂ ಮಾತಾಡುತ್ತಿದ್ದ.

"ಬನ್ನಿ ಬಾಯ್ಕೆ, ಬನ್ನಿ!" ಎಂದು ಅವನು ಕೂಗಿದ. ಬಾಯ್ಕೆ ಎಂದರೆ ಅಣ್ಣ, ಒರೊಜ್‌ಬಾಯ್‌ನನ್ನು ಡ್ರೈವರುಗಳು ಕರೆಯುವುದೇ ಹಾಗೆ. "ಈ ಅಂಗಡಿಗೆ ಇವತ್ತು ಏನು ಬಡಿದಿದೆ ನೋಡಿ. ಒಬ್ಬರಿಗೂ ಮಾತಿಲ್ಲ. ಇವಳು ನೋಡಿದ್ರೆ ನನ್ನ ಬಟ್ಟಲಿಗೆ ಕಂಠದವರೆಗೂ ಚಹಾ ಹುಯ್ದಿದಾಳೆ, ಎದ್ದು ಹೋಗು ಅಂತಾನೇನೋ!"

ನಮ್ಮಲ್ಲಿ ಬೇಕಾದ ಅತಿಥಿಗೆ ಅರ್ಧ ಬಟ್ಟಲೇ ಹುಯ್ಯುವುದು, ಮತ್ತೆ ಮತ್ತೆ ಕೇಳಲಿ ಎಂದು. ಬುರ್ಮಾಕನ್ ಎತ್ತಲೋ ನೋಡುತ್ತ ತುಂಬಿಬಿಟ್ಟಿದ್ದಳು.

"ಹುಯ್ದೆ ಏನೀಗ?" ಎಂದು ಅವಳು ಬೆನ್ನು ತಿರುಗಿಸಿದಳು.

"ಇವಳೂ ನನ್ನ ಹೆಂಡತಿ ಥರಾನೇ. ಹೊರಡೋ ದಿನ ಜಗಳ, ಬಾಯ್ಕೆ. ಒಲೆಯ ಹೊಗೆ ಕೊಳವೆ ರಿಪೇರಿ ಮಾಡಿ ಹೋಗು ಅಂದಳು, ಬಂದು ಮಾಡ್ತೀನಿ ಅಂದೆ. ಅಷ್ಟಕ್ಕೇ ಎಷ್ಟು ಮಾತು! ಬಾಗಿಲವರೆಗೂ ಬಂದಳು, ಹೋಗಿ ಬಾ ಅಂತ ಕೈ ಎತ್ತಲಿಲ್ಲ. ನಾನೂ ಎತ್ತಲಿಲ್ಲ, ನನಗೇನು ಮರ್ಯಾದೆ ಇಲ್ವಾ? ಮುರ್ಗಾಬಿಂದ ಬರೋ ಹೊತ್ತಿಗೆ ಇಳಿದಿರತ್ತೆ ಕೋಪ." ಶೇರ್ಮತ್ ನಕ್ಕು ಸುತ್ತ ನೋಡಿದ. ಹೆಂಡತಿಯ ಮೇಲಿನ ಮಾತಿಗೆ ಡ್ರೈವರುಗಳು ನಗದ ಅಂಗಡಿ ಎಲ್ಲೂ ಇಲ್ಲ. ಇಲ್ಲಿ ಯಾರೂ ನಗಲಿಲ್ಲ.

"ಏಳು," ಎಂದ ಒರೊಜ್‌ಬಾಯ್. "ಲಾರಿ ನೋಡೋಣ."

ಹೊರಗೆ ಉಗುಳಿದ್ದು ನೆಲ ಮುಟ್ಟುವ ಮೊದಲೇ ಗಟ್ಟಿಯಾಗುವ ಚಳಿ. ಇಬ್ಬರೂ ಸೇರಿ ಕ್ಯಾಬಿನ್ನನ್ನು ಮುಂದಕ್ಕೆ ಬಾಗಿಸಿದರು. ಫಿಲ್ಟರ್ ಬಿಚ್ಚಿದರೆ ಅವನು ಅಂದುಕೊಂಡದ್ದೇ, ಒಳಗೆ ಡೀಸೆಲ್ ಬಿಳಿಯಾಗಿ ಕೊಬ್ಬಿನ ಹಾಗೆ ಕಟ್ಟಿತ್ತು. ಒರೊಜ್‌ಬಾಯ್‌ಗೆ ಆಗ ಹೊಳೆದ ಫಜೀತಿ ಏನೆಂದರೆ, ಲಾರಿಯನ್ನು ಅವನು ನಿಜವಾಗಿ ಸರಿಮಾಡಲೇಬೇಕು. ಕೆಡಿಸಿದರೆ ಊರಿಗೆ ಹೋಗುವುದೂ ಆಗುವುದಿಲ್ಲ. ಸರಿಮಾಡಬೇಕು, ಆಮೇಲೆ ಸರಿಯಾದದ್ದನ್ನು ಕೆಟ್ಟಿದೆ ಎನ್ನಬೇಕು.

ಫಿಲ್ಟರಿನ ಮೇಲೆ ಬಿಸಿನೀರು ಹುಯ್ದ. ಡೀಸೆಲ್ ಪೈಪಿನ ಉದ್ದಕ್ಕೂ ಬಿಸಿ ಚಿಂದಿ ಸುತ್ತಿದ. ಆಯಿಲ್ ಚೇಂಬರಿನ ಕೆಳಗೆ ಬೆರಣಿಯ ಕೆಂಡದ ಬಾಣಲೆ ತಳ್ಳಿದ. ಒಂದು ಜಾಯಿಂಟಿನಲ್ಲಿ ವಾಷರ್ ಸೀಳಿತ್ತು, ಅದನ್ನು ಬದಲಾಯಿಸಿದ. ಕೈಪಂಪು ಒತ್ತುತ್ತ ಒತ್ತುತ್ತ, ನಟ್ಟಿನ ಸಂದಿಯಿಂದ ಗುಳ್ಳೆ ಹೋಗಿ ಬರೀ ಡೀಸೆಲ್ ಬರುವವರೆಗೆ ಏರ್ ತೆಗೆದ. ಕ್ಯಾಬಿನ್ ಇಳಿಸಿ ಸೆಲ್ಫ್ ಹೊಡೆಯಲು ಹೇಳಿದ.

ಎಂಜಿನ್ ಹಿಡಿಯಿತು. ಮೊದಲು ಕುಂಟಿತು, ಮೈಯೆಲ್ಲ ಅಲುಗಾಡಿತು, ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ ಕಕ್ಕಿತು. ಆಮೇಲೆ ಎಂಟು ಸಿಲಿಂಡರುಗಳಲ್ಲಿ ಒಂದೊಂದೇ ಕೆಲಸಕ್ಕೆ ಬಂದಿತು. ಎಷ್ಟು ಬಂದಿವೆ ಎಂದು ಒರೊಜ್‌ಬಾಯ್ ನಿಂತಲ್ಲಿಂದಲೇ ಲೆಕ್ಕ ಹಾಕಿದ. ಕೊನೆಯದೂ ಸೇರಿಕೊಂಡಾಗ ಸದ್ದು ಒಂದೇ ಸಮನಾಯಿತು, ಹೊಗೆ ತೆಳುವಾಯಿತು. ಬೇರೆ ದಿನವಾಗಿದ್ದರೆ ಅವನು ಲಾರಿಯ ಬಾಗಿಲಿಗೆ ಎರಡು ಬಡಿದು ಹೋಗು ಎನ್ನುತ್ತಿದ್ದ.

"ಆಯ್ತಲ್ಲ!" ಎಂದು ಶೇರ್ಮತ್ ಇಳಿದು ಬಂದ. "ಕೈಯಲ್ಲ ಬಾಯ್ಕೆ ನಿಮ್ಮದು, ಔಷಧಿ!"

"ಆಗಿಲ್ಲ," ಎಂದ ಒರೊಜ್‌ಬಾಯ್. "ಹೆಡ್ ಬಿರುಕು ಬಿಟ್ಟಿದೆ. ನೀರು ಒಳಗೆ ಇಳೀತಿದೆ. ಈ ಹೊಗೆ ನೀರಿನದು. ಮುರ್ಗಾಬಿಗೆ ಹೋಗಬೇಡ. ವಾಪಸ್ ಊರಿಗೆ ಹೋಗು."

"ನೀರಿಂದಾ?" ಶೇರ್ಮತ್ ಮೂಗು ಎಳೆದುಕೊಂಡ. "ಕಣ್ಣು ಉರೀತಿದೆಯಲ್ಲ ಬಾಯ್ಕೆ. ಡೀಸೆಲ್ ಇದು."

"ಎರಡೂ ಇದೆ."

"ರೇಡಿಯೇಟರಲ್ಲಿ ನೀರು ಕಡಿಮೆ ಆಗಿಲ್ಲ. ರಾತ್ರಿ ಹೆಪ್ಪುಗಟ್ಟಬಾರದು ಅಂತ ನಾನೇ ಇಳಿಸಿ, ಬೆಳಿಗ್ಗೆ ನಾನೇ ಅಳೆದು ಹುಯ್ದೆ."

"ಈಗ ಶುರುವಾಗಿದೆ. ಘಾಟಿ ಹತ್ತುವಾಗ ಪೂರ್ತಿ ಹೋಗತ್ತೆ."

"ಊರಿನ ಕಡೆಗೂ ತಾಲ್ದಿಕ್ ಘಾಟಿ ಹತ್ತಲೇಬೇಕಲ್ಲ! ಊರಿಗೆ ಹತ್ತೋ ಲಾರಿ ಮುರ್ಗಾಬಿಗೆ ಯಾಕೆ ಹತ್ತಲ್ಲ?"

ಸುಳ್ಳು ಹೇಳಲು ಅಭ್ಯಾಸ ಬೇಕು. ಅಭ್ಯಾಸವಿದ್ದವನು ಇಲ್ಲಿ ನಾಲ್ಕು ಬೈದು, ಬೇಕಾದರೆ ಹೋಗಿ ಸಾಯಿ ಎಂದು ಸ್ಪ್ಯಾನರ್ ಎಸೆದು ಗೆಲ್ಲುತ್ತಿದ್ದ. ಒರೊಜ್‌ಬಾಯ್ ತನ್ನ ಬೂಟಿನ ತುದಿ ನೋಡುತ್ತ, "ಆ ಕಡೆ ಊರುಗಳಿವೆ. ನಿಂತರೆ ಯಾರಾದ್ರೂ ಸಿಗ್ತಾರೆ," ಎಂದು ಗೊಣಗಿದ.

ಶೇರ್ಮತ್ ಕೈಗವಸು ಕಳಚಿದ. ಲಾರಿಯ ಹಿಂದೆ ಹೋಗಿ ಸೈಲೆನ್ಸರಿಗೆ ಅಂಗೈ ಒಡ್ಡಿದ. ಡ್ರೈವರುಗಳಿಗೆಲ್ಲ ಗೊತ್ತಿರುವ ಪರೀಕ್ಷೆ ಅದು, ಅವನಿಗೆ ಕಲಿಸಿದ್ದೂ ಒರೊಜ್‌ಬಾಯ್‌ನೇ. ನೀರಿನ ಹೊಗೆಯಾದರೆ ಅಂಗೈ ಒದ್ದೆಯಾಗುತ್ತದೆ, ವಾಸನೆ ಇರುವುದಿಲ್ಲ. ಶೇರ್ಮತ್ ಅಂಗೈ ಮೂಸಿದ. ಬೆರಳುಗಳನ್ನು ಉಜ್ಜಿ ನೋಡಿದ, ಜಿಡ್ಡು. ಆಮೇಲೆ ತಲೆಯೆತ್ತಿ ಒರೊಜ್‌ಬಾಯ್‌ನ ಮುಖ ನೋಡಿದ. ಅಲ್ಲಿಂದ ಚಹಾದಂಗಡಿಯ ಬಾಗಿಲ ಕಡೆ ನೋಡಿದ. ಬುರ್ಮಾಕನ್ ಅಲ್ಲಿ ನಿಂತಿದ್ದವಳು ಸರಕ್ಕನೆ ಒಳಗೆ ಹೋದಳು.

ಶೇರ್ಮತನ ಮುಖದಲ್ಲಿದ್ದ ತಮಾಷೆ ಇಳಿದುಹೋಯಿತು. ಅವನೂ ಇದೇ ಬೆಟ್ಟದವನು, ಅವನೂ ಎಷ್ಟೋ ಜನರನ್ನು ದಾರಿಯಿಂದ ಹೀಗೆ ತಿರುಗಿಸಿದವನು.

"ನೀವು ಇವತ್ತಿನವರೆಗೂ ಎಂಜಿನ್ ಬಗ್ಗೆ ನನಗೆ ಸುಳ್ಳು ಹೇಳಿಲ್ಲ," ಎಂದ.

ಒರೊಜ್‌ಬಾಯ್ ಸ್ಪ್ಯಾನರನ್ನು ಚಿಂದಿಯಿಂದ ಒರೆಸಿದ.

"ಸರಿ. ಹೆಡ್ ಬಿರುಕು ಬಿಟ್ಟಿದೆ. ತಿರುಗಿಸ್ತೀನಿ." ಕೈಗವಸು ಹಾಕಿಕೊಳ್ಳಲು ಹೋದ, ಬೆರಳು ಸರಿಯಾದ ಜಾಗಕ್ಕೆ ಹೋಗಲಿಲ್ಲ. "ಅಪ್ಪ ತಾನೇ? ಬೇಡ ಬೇಡ, ಹೇಳಬೇಡಿ. ನಾನು ಕೇಳಲಿಲ್ಲ, ನೀವು ಹೇಳಲಿಲ್ಲ. ಈ ಚಳಿಗಾಲ ದಾಟಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಎದೆ ಅಷ್ಟು ಕೆಟ್ಟಿತ್ತು." ಅವನು ಲಾರಿಯ ಹಲಗೆಗೆ ಹಣೆ ಒತ್ತಿ ನಿಂತ. "ಬಾಳಿದ್ರು ಬಾಯ್ಕೆ. ಮೊಮ್ಮಕ್ಕಳನ್ನ ನೋಡಿದ್ರು. ಕಷ್ಟಪಡದೆ ಹೋಗಿದ್ರೆ ಸಾಕು."

ಇದನ್ನು ಒರೊಜ್‌ಬಾಯ್ ಯೋಚಿಸಿಯೇ ಇರಲಿಲ್ಲ. ಕಾಲ್ಮುರ್ಜಾನೂ ಯೋಚಿಸಿರಲಿಲ್ಲ. ಅಲ್ಲ ಎಂದರೆ, ಹಾಗಾದರೆ ಯಾರು ಎಂಬ ಪ್ರಶ್ನೆ ಅದರ ಬೆನ್ನಿಗೇ ಬರುತ್ತದೆ. ಸುಮ್ಮನಿದ್ದರೆ ಹೌದು ಎಂದ ಹಾಗೆ. ಅವನು ಸುಮ್ಮನಿದ್ದ.

ಶೇರ್ಮತ್ ಲಾರಿ ತಿರುಗಿಸಿದ. ಊರಿನ ಕಡೆ ಮುಖ ಮಾಡಿ ನಿಲ್ಲಿಸಿ, ಎಂಜಿನ್ ಬಂದ್ ಮಾಡದೆ, ಹೋಗಿಬರ್ತೀನಿ ಬಾಯ್ಕೆ ಎಂದು ಕಿಟಕಿಯಿಂದ ಕೈ ಎತ್ತಿದ. ಎತ್ತಿದ ಕೈ ಹಾಗೇ ಇರುವಾಗ ಒರೊಜ್‌ಬಾಯ್ ಆ ಕಡೆಯ ಬಾಗಿಲು ತೆರೆದು ಹತ್ತಿ ಕೂತ. ಮೈಮೇಲೆ ಎಣ್ಣೆ ಮೆತ್ತಿದ ಕೋಟು, ಮನೆಗೆ ಬೀಗವಿಲ್ಲ, ಒಲೆಯ ಮೇಲೆ ಕೆಟಲ್. ಬುರ್ಮಾಕನ್ ನೋಡಿಕೊಳ್ಳುತ್ತಾಳೆ.

"ನೀವೆಲ್ಲಿಗೆ?"

"ಹೆಡ್ ಬಿರುಕು ಬಿಟ್ಟಿದೆ ಅಂದ್ನಲ್ಲ," ಎಂದ ಒರೊಜ್‌ಬಾಯ್. "ದಾರೀಲಿ ಬೇಕಾಗತ್ತೆ."

ಶೇರ್ಮತನಿಗೆ ಕಣ್ಣು ತುಂಬಿತು. ಇಷ್ಟು ವರ್ಷಗಳಲ್ಲಿ ಒರೊಜ್‌ಬಾಯ್ ತಾಲ್ದಿಕ್ ಇಳಿದದ್ದನ್ನು ಯಾರೂ ಕಂಡಿರಲಿಲ್ಲ.

ತಾಲ್ದಿಕ್‌ನ ತಿರುವುಗಳಲ್ಲಿ ಲಾರಿ ಚೆನ್ನಾಗಿ ಎಳೆಯಿತು. ಹೊಗೆಯ ಸುಳಿವಿಲ್ಲ. ಶೇರ್ಮತ್ ಒಂದಷ್ಟು ದೂರ ಅತ್ತ, ತೋಳಿನಿಂದ ಮುಖ ಒರೆಸಿಕೊಂಡ, ಆಮೇಲೆ ಮಾತಿಗೆ ಬಿದ್ದ. ಮಾತು ನಿಲ್ಲಿಸುವುದು ಅವನಿಗೆ ದುಃಖದಲ್ಲೂ ಬರುತ್ತಿರಲಿಲ್ಲ.

"ಅಪ್ಪನಿಗೆ ಕೊನೇಲಿ ಸಾರು ಕುಡಿಸಿದ್ದೆಲ್ಲ ಅಸಿಲ್‌ಕಾನೇ ಬಾಯ್ಕೆ. ಚಮಚದಲ್ಲಿ. ನನ್ನ ಕೈಯಿಂದ ಕುಡೀತಿರಲಿಲ್ಲ, ಅವಳೇ ಬೇಕು. ಈಗ ಮನೆ ತುಂಬ ಜನ ಇರ್ತಾರೆ. ಅಷ್ಟು ಜನಕ್ಕೂ ಅವಳೊಬ್ಬಳೇ ಚಹಾ, ಅವಳೊಬ್ಬಳೇ ರೊಟ್ಟಿ. ಇಂಥ ಹೊತ್ತಲ್ಲಿ ನಾನು ಹತ್ರ ಇಲ್ವಲ್ಲ ಅಂತ ಎಷ್ಟು ಬೈಕೊಂಡಿರ್ತಾಳೋ."

ಒರೊಜ್‌ಬಾಯ್ ಎದುರಿನ ಗಾಜಿನ ಮೇಲೆ ಕಟ್ಟಿದ ಮಂಜನ್ನು ತೋಳಿನಿಂದ ಒರೆಸಿದ.

"ಬೈಲಿ. ಹೋದ ತಕ್ಷಣ ಆ ಒಲೆ ಕೊಳವೆ ಸರಿಮಾಡ್ತೀನಿ. ಜನ ಎಲ್ಲ ಹೋಗಲಿ, ಕೂರಿಸಿಕೊಂಡು ಮಾತಾಡ್ತೀನಿ. ಅವಳಿದಾಳೆ ಅಂತ ನನಗೆ ಧೈರ್ಯ, ನಿಜ ಹೇಳ್ತೀನಿ. ಅಪ್ಪನ್ನ ಕಳಕೊಂಡ್ರೂ ಮನೆ ನಿಂತಿರತ್ತೆ."

ಇಂಥ ಕ್ಷಣಕ್ಕೆ ಯಾವ ಹಿರಿಯರೂ ಯಾವ ಕಟ್ಟಳೆಯನ್ನೂ ಮಾಡಿಟ್ಟಿಲ್ಲ. ಹೇಳಿಬಿಡಲೇ ಎಂದು ಒರೊಜ್‌ಬಾಯ್‌ಗೆ ಪ್ರತಿ ತಿರುವಿನಲ್ಲೂ ಅನ್ನಿಸಿತು. ಈ ಮನುಷ್ಯ ತಪ್ಪು ಸಾವಿಗೆ ಅತ್ತು, ಸಮಾಧಾನವನ್ನೂ ಮಾಡಿಕೊಂಡು, ಆ ಸಮಾಧಾನವನ್ನೆಲ್ಲ ಸತ್ತವಳ ಮೇಲೆಯೇ ಇಟ್ಟುಕೊಂಡಿದ್ದಾನೆ. ಆದರೆ ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಪ್ರಪಾತ, ಸ್ಟೀರಿಂಗ್ ಅವನ ಕೈಯಲ್ಲಿ. ಅದಕ್ಕಿಂತ ನಿಜವಾದ ಕಾರಣ ಇನ್ನೊಂದಿತ್ತು. ಒರೊಜ್‌ಬಾಯ್‌ಗೆ ಹೆದರಿಕೆಯಾಗಿತ್ತು. ಇಷ್ಟು ಕಾಲ ಯಾರ ಅಳುವೂ ಇಲ್ಲದ ಮನೆಯಲ್ಲಿ ಬದುಕಿದವನಿಗೆ, ಪಕ್ಕದಲ್ಲೇ ಒಬ್ಬ ಮುರಿದು ಬಿದ್ದರೆ ಎಲ್ಲಿ ಹಿಡಿಯಬೇಕು ಎಂದು ತಿಳಿದಿರಲಿಲ್ಲ. ಎಂಜಿನ್ನಿನ ಯಾವ ನಟ್ಟಿಗೆ ಯಾವ ಸ್ಪ್ಯಾನರ್ ಎಂದು ಕತ್ತಲಲ್ಲೂ ಹೇಳಬಲ್ಲ ಮನುಷ್ಯ, ಅಳುವವನ ಹೆಗಲ ಮೇಲೆ ಕೈ ಇಡಲು ತಾಲ್ದಿಕ್ ಪೂರ್ತಿ ಯೋಚಿಸಿದ, ಇಡಲಿಲ್ಲ.

ಎದುರಿಗೆ ಬರುವ ಲಾರಿಗಳ ಡ್ರೈವರುಗಳು ಶೇರ್ಮತನ ಕಮಾಜನ್ನು ಗುರುತಿಸಿ ವೇಗ ತಗ್ಗಿಸಿದರು. ಯಾರೂ ಹಾರ್ನ್ ಹೊಡೆಯಲಿಲ್ಲ. ಒಬ್ಬ ಟೋಪಿ ತೆಗೆದ.

"ನೋಡಿ, ಎಲ್ಲರಿಗೂ ಗೊತ್ತು," ಎಂದ ಶೇರ್ಮತ್. "ಅಪ್ಪ ಅಂದ್ರೆ ಎಲ್ಲರಿಗೂ ಗೌರವ."

ಹಳ್ಳಿಯ ಸೇತುವೆ ದಾಟಿದ ಮೇಲೆ ರಸ್ತೆ ಒಂದು ಗೋಡೆಯನ್ನು ಬಳಸಿ ಏರುತ್ತದೆ. ಅಲ್ಲಿಗೆ ಬರುವ ಮೊದಲು ಶೇರ್ಮತ್ ಲಾರಿ ನಿಲ್ಲಿಸಿ ಟೋಪಿ ಸರಿಮಾಡಿಕೊಂಡ, ಸಾವಿನ ಮನೆಯವರು ಬಿಗಿಯುವ ಹಾಗೆ ನಡುವಿಗೆ ಬಟ್ಟೆ ಬಿಗಿದುಕೊಂಡ. ಅಪ್ಪನಿಗೆ ಅಳುವ ಮಗ ದೂರದಿಂದಲೇ ಕೂಗಿ ಅಳುತ್ತ ಹೋಗಬೇಕು. ಅದಕ್ಕೆಂದು ಅವನು ಉಸಿರು ಎಳೆದುಕೊಂಡ. ಲಾರಿ ಗೋಡೆಯನ್ನು ಬಳಸಿ ತಿರುಗಿತು.

ರಸ್ತೆಯ ಬದಿಯಲ್ಲಿ, ಕೋಲೂರಿಕೊಂಡು, ಉದ್ದ ಕೋಟಿಗೆ ನಡುಕಟ್ಟು ಬಿಗಿದು, ಅವನ ಅಪ್ಪ ನಿಂತಿದ್ದರು. ಬಗ್ಗಿದ್ದರು, ಕೆಮ್ಮುತ್ತಿದ್ದರು, ಆದರೆ ನಿಂತಿದ್ದರು.

ಶೇರ್ಮತ್ ಎಳೆದ ಉಸಿರು ನಗುವಾಗಿ ಹೊರಬಂತು. ಬ್ರೇಕ್ ತುಳಿದ, ಲಾರಿ ಜಾರಿ ನಿಂತಿತು.

"ಅಪ್ಪ! ಬಾಯ್ಕೆ, ಅಪ್ಪ ಅಲ್ಲಿ! ಬದುಕಿದಾರೆ!" ಅವನು ಒರೊಜ್‌ಬಾಯ್‌ನ ಹೆಗಲಿಗೆ ಗುದ್ದಿದ, ಮತ್ತೊಮ್ಮೆ ಗುದ್ದಿದ. ಮುಖವೆಲ್ಲ ಬೆಳಕಾಗಿತ್ತು. "ಅಯ್ಯೋ ದೇವರೇ, ನಾನೇ ದಡ್ಡ! ನೀವು ನಿಜಾನೇ ಹೇಳಿದ್ರಿ! ನಿಜವಾಗ್ಲೂ ಹೆಡ್ಡೇ ಹೋಗಿದೆಯಾ? ಹೋಗಿದೆ ಅನ್ನಿ ಬಾಯ್ಕೆ! ಹೋಗಲಿ, ಎಂಟೂ ಹೆಡ್ಡು ಹೋಗಲಿ, ಎಂಜಿನ್ನೇ ಹೋಗಲಿ!"

ಒರೊಜ್‌ಬಾಯ್ ಅವನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದ. ಹೌದು ಎಂದರೆ ಇನ್ನೂ ಸ್ವಲ್ಪ ಹೊತ್ತು, ಹಿರಿಯರು ಬಂದು ಮುಟ್ಟುವವರೆಗೆ, ಈ ಮುಖ ಹೀಗೇ ಇರುತ್ತಿತ್ತು. ಆ ಒಂದು ಸುಳ್ಳು ಅವನ ಬಾಯಿಂದ ಎರಡನೆಯ ಸಲ ಬರಲಿಲ್ಲ.

"ಇಲ್ಲ ಶೇರ್ಮತ್," ಎಂದ. "ಎಂಜಿನ್‌ಗೆ ಏನೂ ಆಗಿಲ್ಲ."

ಶೇರ್ಮತ್ ನಗುತ್ತಲೇ ಅವನನ್ನು ನೋಡಿದ. ನಗು ಮುಖದ ಮೇಲೆ ಇನ್ನೂ ಇತ್ತು, ಏನು ಮಾಡಬೇಕೆಂದು ಅದಕ್ಕೆ ತಿಳಿದಿರಲಿಲ್ಲ. ಆಮೇಲೆ ಅವನು ಅಪ್ಪನ ಹಿಂದಕ್ಕೆ, ಮನೆಯ ಕಡೆಗೆ ನೋಡಿದ. ಅಂಗಳದಲ್ಲಿ, ಸತ್ತವರನ್ನು ಮಲಗಿಸಲು ಹಾಕುವ ಬೂದುಬಣ್ಣದ ಉಣ್ಣೆಯ ಡೇರೆ ಎದ್ದಿತ್ತು. ಬಾಗಿಲಲ್ಲಿ ಅವನ ಇಬ್ಬರು ಹೆಣ್ಣುಮಕ್ಕಳು ಅತ್ತೆಯಂದಿರ ಲಂಗ ಹಿಡಿದು ನಿಂತಿದ್ದರು. ಹೆಂಗಸರು ತುಂಬ ಇದ್ದರು. ಅವನ ಕಣ್ಣು ಆ ಹೆಂಗಸರ ಮುಖಗಳನ್ನು ಒಂದೊಂದಾಗಿ ದಾಟಿತು, ಕೊನೆಯವರೆಗೂ ಹೋಯಿತು, ಮತ್ತೆ ಮೊದಲಿಂದ ಶುರುಮಾಡಿತು.

ಕಾಲ್ಮುರ್ಜಾ ಮತ್ತು ಇನ್ನಿಬ್ಬರು ಹಿರಿಯರು ಗೇಟಿನಿಂದ ಹೊರಟು ಲಾರಿಯ ಕಡೆಗೆ ನಡೆದು ಬರುತ್ತಿದ್ದರು. ಅವರು ಬಂದು ಬಾಗಿಲು ತೆರೆಯುವವರೆಗೆ ಒರೊಜ್‌ಬಾಯ್ ಆ ಕೈಯನ್ನು ಬಿಡಲಿಲ್ಲ.